ಹುಲಿ ಕೊಂದ ಬೇಟೆಗಾರ: ಇಂಗ್ಲಿಷಿನ ಸಂಬಂಧ ಸರ್ವನಾಮಗಳು



'ಹುಲಿ ಕೊಂದ ಬೇಟೆಗಾರ'. ಈ ಮೂರು ಪದಗಳನ್ನು ಒಮ್ಮೆ ಮನಸ್ಸಿನಲ್ಲೇ ಹೇಳಿಕೊಳ್ಳಿ. ಸತ್ತದ್ದು ಹುಲಿಯೋ, ಬೇಟೆಗಾರನೋ? ಎರಡು ಅರ್ಥಕ್ಕೂ ಕನ್ನಡದಲ್ಲಿ ಎಡೆಯಿದೆ. ಹಿಂದುಮುಂದಿನ ಮಾತು ನೋಡಿ ನಾವು ತಿಳಿದುಕೊಳ್ಳುತ್ತೇವೆ. ಇಂಗ್ಲಿಷಿನಲ್ಲಿ ಹಾಗೆ ಬಿಡುವಂತಿಲ್ಲ. 'ದ ಹಂಟರ್ ಹೂ ಕಿಲ್ಡ್ ದ ಟೈಗರ್' ಎಂದರೆ ಕೊಂದವನು ಬೇಟೆಗಾರ. 'ದ ಹಂಟರ್ ಹೂಮ್ ದ ಟೈಗರ್ ಕಿಲ್ಡ್' ಎಂದರೆ ಸತ್ತವನು ಬೇಟೆಗಾರ. ಈ 'ಹೂ', 'ಹೂಮ್', 'ಹೂಸ್', 'ವಿಚ್', 'ದಟ್' ಎಂಬ ಪದಗಳೇ ಸಂಬಂಧ ಸರ್ವನಾಮಗಳು. ಇವುಗಳಿಂದ ಆರಂಭವಾಗಿ ನಾಮಪದವನ್ನು ವಿವರಿಸುವ ಭಾಗವೇ ಸಂಬಂಧ ಉಪವಾಕ್ಯ.

ಕನ್ನಡದಲ್ಲಿ ಈ ಕೆಲಸವನ್ನು 'ಬಂದ', 'ಓದಿದ', 'ಮಾಡುವ' ಮುಂತಾದ ಕೃದಂತಗಳು ಮಾಡುತ್ತವೆ. ಅವು ನಾಮಪದಕ್ಕಿಂತ ಮೊದಲು ಬರುತ್ತವೆ. ಇಂಗ್ಲಿಷಿನ ಉಪವಾಕ್ಯ ನಾಮಪದದ ನಂತರ ಬರುತ್ತದೆ. ಇಷ್ಟು ನಿಮಗೆ ಗೊತ್ತೇ ಇದೆ. ನಿಜವಾದ ತೊಡಕು ಬೇರೆ ಕಡೆ ಇದೆ.

'ನಾನು ಓದಿದ ಪುಸ್ತಕ', 'ನಾನು ಓದಿದ ಶಾಲೆ'. ಎರಡರಲ್ಲೂ 'ಓದಿದ' ಎಂಬುದು ಒಂದೇ. ಆದುದರಿಂದಲೇ ಹಲವರು 'ದ ಸ್ಕೂಲ್ ವಿಚ್ ಐ ಸ್ಟಡೀಡ್' ಎಂದು ಬರೆಯುತ್ತಾರೆ. ಇದು ತಪ್ಪು. ಏಕೆ? ಪೂರ್ಣ ವಾಕ್ಯ ಮಾಡಿ ನೋಡಿ. 'ಪುಸ್ತಕವನ್ನು ಓದಿದೆ', ಆದರೆ 'ಶಾಲೆಯಲ್ಲಿ ಓದಿದೆ'. ಕೃದಂತ ಮಾಡುವಾಗ ಕನ್ನಡ ಈ ವಿಭಕ್ತಿ ಪ್ರತ್ಯಯಗಳನ್ನು ಕೈಬಿಡುತ್ತದೆ. ಇಂಗ್ಲಿಷ್ ಆ ಸಂಬಂಧವನ್ನು ಉಳಿಸಿಕೊಳ್ಳುತ್ತದೆ. 'ಅನ್ನು' ಇದ್ದಲ್ಲಿ ಬರಿಯ 'ವಿಚ್' ಸಾಕು: 'ದ ಬುಕ್ ವಿಚ್ ಐ ರೆಡ್'. 'ಅಲ್ಲಿ' ಇದ್ದಲ್ಲಿ 'ಇನ್ ವಿಚ್' ಅಥವಾ 'ವೇರ್' ಬೇಕು: 'ದ ಸ್ಕೂಲ್ ವೇರ್ ಐ ಸ್ಟಡೀಡ್'. 'ಸೈಕಲ್ ಕಳೆದುಹೋದ ಹುಡುಗ' ಎನ್ನುವಲ್ಲಿ ಅಡಗಿರುವುದು 'ಹುಡುಗನ ಸೈಕಲ್'. ಆ 'ಹುಡುಗನ' ಎಂಬುದೇ ಇಂಗ್ಲಿಷಿನಲ್ಲಿ 'ಹೂಸ್' ಆಗುತ್ತದೆ: 'ದ ಬಾಯ್ ಹೂಸ್ ಬೈಸಿಕಲ್ ವಾಸ್ ಲಾಸ್ಟ್'.

ಹಾಗಾದರೆ ಉಪಾಯ ಸುಲಭ. ಮೊದಲು ಕನ್ನಡದಲ್ಲಿ ಪೂರ್ಣ ವಾಕ್ಯ ಮಾಡಿ, ಕಳೆದುಹೋದ ಪ್ರತ್ಯಯವನ್ನು ಹುಡುಕಿ. ಅದಕ್ಕೆ ತಕ್ಕ ಸಂಬಂಧ ಪದವನ್ನು ಆರಿಸಿ. ಮನುಷ್ಯರಿಗೆ 'ಹೂ', ವಸ್ತುಗಳಿಗೆ 'ವಿಚ್', ಎರಡಕ್ಕೂ 'ದಟ್' ಸಲ್ಲುತ್ತದೆ. ಆಡುಮಾತಿನಲ್ಲಿ 'ಹೂಮ್' ಬದಲು 'ಹೂ' ಎನ್ನುವುದೂ ಉಂಟು.

ಇನ್ನೊಂದು ಎಚ್ಚರಿಕೆ. 'ಯಾರು ದುಡಿಯುತ್ತಾರೋ ಅವರು ಉಣ್ಣುತ್ತಾರೆ' ಎಂಬ ಮಾತಿನಲ್ಲಿ 'ಯಾರು', 'ಅವರು' ಎರಡೂ ಬೇಕು. ಈ ರೂಢಿಯಲ್ಲೇ 'ದ ಮ್ಯಾನ್ ಹೂ ವರ್ಕ್ಸ್ ಹಾರ್ಡ್ ಹೀ ವಿಲ್ ಸಕ್ಸೀಡ್' ಎಂದು ಬರೆಯಬೇಡಿ. ಅಲ್ಲಿ 'ಹೀ' ಬೇಡ. 'ದ ಪೆನ್ ವಿಚ್ ಐ ಬಾಟ್ ಇಟ್' ಎನ್ನುವಲ್ಲಿ 'ಇಟ್' ಕೂಡ ಬೇಡ. ಆ ಜಾಗವನ್ನು 'ವಿಚ್' ಆಗಲೇ ತುಂಬಿದೆ.

ಕೊನೆಯದಾಗಿ, ಅಲ್ಪವಿರಾಮ. 'ದ ಸ್ಟೂಡೆಂಟ್ಸ್ ಹೂ ಪಾಸ್ಡ್ ವಿಲ್ ಗೆಟ್ ಪ್ರೈಜಸ್' ಎಂದು ಶಾಲೆಯ ಸೂಚನಾ ಫಲಕದಲ್ಲಿದ್ದರೆ, ಬಹುಮಾನ ತೇರ್ಗಡೆಯಾದವರಿಗೆ ಮಾತ್ರ. 'ಹೂ ಪಾಸ್ಡ್' ಎಂಬುದರ ಎರಡು ಬದಿಗೂ ಅಲ್ಪವಿರಾಮ ಹಾಕಿದರೆ, ಎಲ್ಲರೂ ತೇರ್ಗಡೆಯಾದರು, ಎಲ್ಲರಿಗೂ ಬಹುಮಾನ! ಮೊದಲನೆಯ ಉಪವಾಕ್ಯ ಯಾರೆಂದು ಗುರುತಿಸುತ್ತದೆ. ಎರಡನೆಯದು ಹೆಚ್ಚಿನ ವಿವರ ಕೊಡುತ್ತದೆ, ಅಷ್ಟೆ. ಈ ಎರಡನೆಯ ಬಗೆಯಲ್ಲಿ 'ದಟ್' ಬಳಸುವುದಿಲ್ಲ.

ನಿಮಗೊಂದು ಅಭ್ಯಾಸ: 'ನಾವು ಕುಳಿತ ಬೆಂಚು', 'ನಾನು ಪತ್ರ ಬರೆದ ಗೆಳತಿ', 'ಅವರು ಮನೆ ಕಟ್ಟಿದ ಊರು'. ಇವನ್ನು ಇಂಗ್ಲಿಷಿಗೆ ತನ್ನಿ. ಬೆಂಚಿನ 'ಮೇಲೆ', ಗೆಳತಿ'ಗೆ', ಊರಿ'ನಲ್ಲಿ' ಎಂಬುದು ನೆನಪಿದ್ದರೆ 'ಆನ್ ವಿಚ್', 'ಟು ಹೂಮ್', 'ವೇರ್' ತಾವಾಗಿಯೇ ಬರುತ್ತವೆ. ಕನ್ನಡ ವಾಕ್ಯವನ್ನು ಬಿಡಿಸಿ ನೋಡಬಲ್ಲವರಿಗೆ ಇಂಗ್ಲಿಷಿನ ಈ ಪಾಠ ಕಷ್ಟವಲ್ಲ.