ಚೌಕ ಡಬ್ಬಿಗಳ ಕಾಲದ ಕನ್ನಡ

ಅಂತರಜಾಲಕ್ಕೆ ಹೊಸ ಮಾನಕವೊಂದು ಬಂದಾಗಲೆಲ್ಲ ಜಾಲತಾಣ ಕಟ್ಟುವವರನ್ನು ಒಂದು ಪ್ರಶ್ನೆ ಕಾಡುತ್ತದೆ. ಎಲ್ಲರ ಬ್ರೌಸರಿಗೂ ಅದು ತಿಳಿಯುವ ತನಕ ಕಾಯಬೇಕೇ, ಈಗಲೇ ಬಳಸಬೇಕೇ? ಕನ್ನಡಿಗರಿಗೆ ಈ ಪ್ರಶ್ನೆ ಎದುರಾದದ್ದು ಅಕ್ಷರದಲ್ಲೇ.

1991ರಲ್ಲಿ, ಜಗತ್ತಿನ ಲಿಪಿಗಳ ಪ್ರತಿ ಅಕ್ಷರಕ್ಕೂ ಒಂದೊಂದು ಸಂಖ್ಯೆ ಕೊಡುವ ಮಾನಕವಾದ ಯೂನಿಕೋಡ್‌ನ ಮೊದಲ ಆವೃತ್ತಿ ಹೊರಬಂದಾಗಲೇ ಕನ್ನಡಕ್ಕೆಂದು 128 ಸ್ಥಾನಗಳು ಮೀಸಲಾದವು. ಆದರೆ ಸ್ಥಾನ ಸಿಕ್ಕ ಮಾತ್ರಕ್ಕೆ ಪರದೆಯ ಮೇಲೆ ಅಕ್ಷರ ಮೂಡುವುದಿಲ್ಲ. ಒತ್ತಕ್ಷರವನ್ನು ಕೆಳಗೆ ಕೂರಿಸಿ, ಗುಣಿತದ ಚಿಹ್ನೆಯನ್ನು ಸರಿಯಾದ ಜಾಗಕ್ಕೆ ಸೇರಿಸುವ ಕೆಲಸವನ್ನು ಕಂಪ್ಯೂಟರೇ ಮಾಡಬೇಕು. ತೊಂಬತ್ತರ ದಶಕದ ಸಾಮಾನ್ಯ ಕಂಪ್ಯೂಟರುಗಳಿಗೆ ಅದು ಬರುತ್ತಿರಲಿಲ್ಲ.

ಹಾಗಾಗಿ ಆಗಿನ ಕನ್ನಡ ತಾಣಗಳು ಬಳಸುದಾರಿ ಹಿಡಿದವು. ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನಿಟ್ಟು ಫಾಂಟ್ ಮಾಡಿದರು. ಒಂದೊಂದು ತಾಣಕ್ಕೆ ಒಂದೊಂದು ಫಾಂಟ್. ಅದನ್ನು ಇಳಿಸಿಕೊಳ್ಳದಿದ್ದರೆ ಪುಟವೆಲ್ಲ ಅರ್ಥವಿಲ್ಲದ ರೋಮನ್ ಅಕ್ಷರ. ಫಾಂಟನ್ನು ಪುಟದ ಜೊತೆಗೇ ಕಳಿಸುವ ಉಪಾಯವೂ ಬಂತು, ಆದರೆ ಒಂದು ಬ್ರೌಸರಿಗೆ ಒಗ್ಗಿದ್ದು ಇನ್ನೊಂದಕ್ಕೆ ಒಗ್ಗಲಿಲ್ಲ. ಕನ್ನಡ ಪದ ಕೊಟ್ಟು ಹುಡುಕಿದರೆ ಆ ಬರಹಗಳು ಸಿಗುತ್ತಲೂ ಇರಲಿಲ್ಲ.

2001ರಲ್ಲಿ ವಿಂಡೋಸ್ ಎಕ್ಸ್‌ಪಿ ‘ತುಂಗಾ’ ಫಾಂಟಿನೊಡನೆ ಬಂತು. ಅದರಲ್ಲೂ ಭಾಷೆಯ ಸೆಟ್ಟಿಂಗ್ಸ್ ಹುಡುಕಿ ಗುರುತು ಹಾಕದಿದ್ದರೆ ಕನ್ನಡ ಸರಿಯಾಗಿ ಕಾಣುತ್ತಿರಲಿಲ್ಲ. ವಿಂಡೋಸ್ 98 ಇಟ್ಟುಕೊಂಡಿದ್ದವರಿಗೆ ಚೌಕ ಡಬ್ಬಿಗಳೇ ಗತಿ. ಅಂಥ ಹೊತ್ತಿನಲ್ಲಿ, 2003ರಲ್ಲಿ, ಕನ್ನಡ ವಿಕಿಪೀಡಿಯ ಯೂನಿಕೋಡಿನಲ್ಲೇ ಶುರುವಾಯಿತು. ಆಗ ಯೂನಿಕೋಡಿನಲ್ಲಿ ಬರೆದವರು ಎಷ್ಟೋ ಓದುಗರನ್ನು ಕಳೆದುಕೊಂಡೇ ಬರೆದರು. ಅವರು ಮಾಡಿದ್ದು ಸರಿ ಎಂದು ನಾನು ದೃಢವಾಗಿ ನಂಬುತ್ತೇನೆ. ಕೆಟ್ಟಿದ್ದದ್ದು ಓದುಗರ ಪರದೆ, ಬರಹವಲ್ಲ. ಯಂತ್ರ ಬದಲಾದ ದಿನ ಅದೇ ಬರಹ, ಒಂದಕ್ಷರ ತಿದ್ದದೆಯೂ, ಓದಲು ಸಿಕ್ಕಿತು. ಹಳೆಯ ಫಾಂಟುಗಳಲ್ಲೇ ಉಳಿದವರು ಮುಂದೆ ಪರಿವರ್ತಕ ತಂತ್ರಾಂಶಗಳ ಮೊರೆ ಹೋಗಿ, ತಪ್ಪಿದ ಒತ್ತಕ್ಷರಗಳನ್ನು ತಿದ್ದುತ್ತ ಕೂರಬೇಕಾಯಿತು.

ಫೋನಿನ ಕಾಲದಲ್ಲಿ ಅದೇ ಕಥೆ ಮತ್ತೆ ನಡೆಯಿತು. ಒಪೆರಾ ಮಿನಿ ಬ್ರೌಸರಿನ ಒಳಗೆಲ್ಲೋ ಅಡಗಿದ್ದ ಆಯ್ಕೆಯೊಂದನ್ನು ಒತ್ತಿದರೆ ಅಕ್ಷರಗಳು ಚಿತ್ರಗಳಾಗಿ ಬರುತ್ತಿದ್ದವು. ಆ ಗುಟ್ಟನ್ನು ಗೆಳೆಯರು ಒಬ್ಬರಿಗೊಬ್ಬರು ಹೇಳಿಕೊಟ್ಟು ಕನ್ನಡ ಓದಿದರು. ಆಂಡ್ರಾಯ್ಡ್‌ಗೆ ಕನ್ನಡ ಬಂದದ್ದು 2012ರಲ್ಲಿ, 4.1ನೇ ಆವೃತ್ತಿಯೊಂದಿಗೆ.

ಎಲ್ಲ ಮಾನಕಗಳೂ ಇಷ್ಟು ಬೆಲೆ ಕೇಳುವುದಿಲ್ಲ. ಪುಟವನ್ನು ಅಂಕಣಗಳಾಗಿ ಜೋಡಿಸುವ ‘ಸಿಎಸ್‌ಎಸ್ ಗ್ರಿಡ್’ 2017ರ ಮಾರ್ಚಿನಲ್ಲಿ ಫೈರ್‌ಫಾಕ್ಸ್, ಕ್ರೋಮ್, ಸಫಾರಿ ಮೂರಕ್ಕೂ ಬಂತು. ಅದನ್ನರಿಯದ ಬ್ರೌಸರಿನಲ್ಲಿ ಅಂಕಣಗಳು ಒಂದರ ಕೆಳಗೊಂದು ಬರುತ್ತವೆ, ಅಷ್ಟೇ. ಓದಿಗೆ ತೊಡಕಿಲ್ಲ, ಹಾಗಾಗಿ ಕಾಯುವ ಅಗತ್ಯವೂ ಇಲ್ಲ.

ಜಾಲತಾಣದಲ್ಲಿ ತುಂಬುವ ಪಡಿತರ ಚೀಟಿಯ ಅರ್ಜಿಯ ಮಾತು ಬೇರೆ. ಹೊಸ ಸೌಲಭ್ಯವನ್ನೇ ನೆಚ್ಚಿದ ಗುಂಡಿ ಹಳೆಯ ಫೋನಿನಲ್ಲಿ ಕೆಲಸ ಮಾಡದಿದ್ದರೆ ಅರ್ಜಿಯೇ ಹೋಗುವುದಿಲ್ಲ. ಪ್ರಮುಖ ಬ್ರೌಸರುಗಳಿಗೆಲ್ಲ ಬಂದು 30 ತಿಂಗಳು ಕಳೆದ ಸೌಲಭ್ಯವನ್ನು ವ್ಯಾಪಕವಾಗಿ ಲಭ್ಯ ಎಂದು ಗುರುತಿಸುವ ‘ಬೇಸ್‌ಲೈನ್’ ಎಂಬ ಪದ್ಧತಿ 2023ರಲ್ಲಿ ಬಂದಿದೆ. ಸುದ್ದಿ, ಲೇಖನಗಳ ತಾಣಕ್ಕೆ ಅದು ಒಳ್ಳೆಯ ಅಳತೆ. ಅರ್ಜಿಯ ಪುಟಗಳಿಗೆ ಮಾತ್ರ ಆ 30 ತಿಂಗಳೂ ಸಾಲದು ಎನ್ನುತ್ತೇನೆ; ನಮ್ಮ ಮನೆಗಳಲ್ಲಿ ಮಗ ಬಿಟ್ಟ ಫೋನು ಅಮ್ಮನಿಗೆ, ಅಮ್ಮ ಬಿಟ್ಟದ್ದು ಅಜ್ಜಿಗೆ ಬರುತ್ತದೆ.