ಮಳೆಯ ಊರಿನ ಹಟ್ಟಿಯಲ್ಲಿ ಬರ



ನನ್ನ ಊರು ಅರಂತೋಡು. ಸುಳ್ಯದಿಂದ ಮಡಿಕೇರಿಗೆ ಹೋಗುವ ಹೆದ್ದಾರಿಯಲ್ಲಿ ಸಂಪಾಜೆಗಿಂತ ಮೊದಲು ಸಿಗುತ್ತದೆ. ಹೆಸರಿನ ಕೊನೆಯಲ್ಲೇ ‘ತೋಡು’ ಇದೆ. ನಮ್ಮ ಕಡೆಯ ಮಾತಿನಲ್ಲಿ ತೋಡೆಂದರೆ ಹಳ್ಳ. ವರ್ಷಕ್ಕೆ 3,500 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಸೀಮೆಯಿದು. ಇಂಥ ಊರಿನವನು ಬರದ ವಿಷಯ ಮಾತನಾಡಹೊರಟರೆ ಬಯಲುಸೀಮೆಯ ಮಿತ್ರರು ನಕ್ಕಾರು. ಬರವೆಂಬುದು 1876-78ರ ಧಾತು-ಈಶ್ವರ ಸಂವತ್ಸರಗಳ ಕ್ಷಾಮದಂತೆ ಘಟ್ಟದ ಮೇಲಿನವರ ಕಥೆಯೆಂದು ನಾನೂ ಬಹುಕಾಲ ತಿಳಿದಿದ್ದೆ.

ಕನ್ನಡ ಅಧ್ಯಾಪನದಿಂದ ನಿವೃತ್ತನಾಗಿ ಹಿರಿಯರ ಮನೆಗೆ ಮರಳಿದಾಗ ನನ್ನ ಪಾಲಿಗೆ ಬಂದುದು ಒಂದಿಷ್ಟು ಅಡಿಕೆ ತೋಟ, ಒಂದು ಕೆರೆ, ಹಟ್ಟಿಯಲ್ಲಿ ಮೂರು ದನ. ಅವುಗಳಲ್ಲಿ ಎರಡು ಮಿಶ್ರತಳಿಯವು, ಒಂದು ಮಲೆನಾಡು ಗಿಡ್ಡ.

ನಮ್ಮ ಮಳೆಯ ಬಹುಭಾಗ ಜೂನ್‌ನಿಂದ ಸೆಪ್ಟೆಂಬರಿನ ಒಳಗೆ ಬಿದ್ದುಹೋಗುತ್ತದೆ. ಘಟ್ಟದ ಬುಡದ ಇಳಿಜಾರು ನೆಲವಾದುದರಿಂದ ಬಿದ್ದ ನೀರು ನಿಲ್ಲದು. ತೋಡಿನಿಂದ ಪಯಸ್ವಿನಿಗೆ ಸೇರಿ, ಚಂದ್ರಗಿರಿಯೆಂಬ ಹೆಸರು ಪಡೆದು, ಕಾಸರಗೋಡಿನ ಬಳಿ ಕಡಲಿಗೆ ಇಳಿಯುತ್ತದೆ. ಅದನ್ನು ತಡೆದಿರಿಸಲು ಹಿರಿಯರು ಕಂಡುಕೊಂಡ ಉಪಾಯವೇ ‘ಕಟ್ಟ’. ತೋಡಿನ ಹರಿವು ಸಣ್ಣದಾಗುವ ನವೆಂಬರ್-ಡಿಸೆಂಬರಿನಲ್ಲಿ ಕಲ್ಲು, ಮಣ್ಣು, ಅಡಿಕೆ ಮರದ ಕಾಂಡ, ಸೊಪ್ಪು ಇವುಗಳಿಂದ ನೆರೆಕರೆಯವರು ಕೂಡಿ ಅಡ್ಡ ಕಟ್ಟುತ್ತಾರೆ. ನಿಂತ ನೀರು ಒಸರಾಗಿ ಬದಿಯ ಬಾವಿ, ಕೆರೆಗಳನ್ನು ಸೇರುತ್ತದೆ.

2023ರಲ್ಲಿ ಮುಂಗಾರು ಕೈಕೊಟ್ಟಿತು. ನಮ್ಮ ತೋಟದ ಬದಿಯ ಕಟ್ಟಕ್ಕೆ ಜನ ಕೂಡಿಸುವ ಹೊಣೆ ನನ್ನದಾಗಿತ್ತು. ಆ ಹೊತ್ತಿಗೆ ನಾನು ಹಳಗನ್ನಡ ಕಾವ್ಯಗಳ ವನವರ್ಣನೆಯ ಕುರಿತು ಉಪನ್ಯಾಸ ಮಾಡುತ್ತ ಊರೂರು ತಿರುಗುತ್ತಿದ್ದೆ. ಜನವರಿಯಲ್ಲಿ ಮರಳಿ, “ಇನ್ನು ಕಟ್ಟೋಣವೆ?” ಎಂದು ಕೇಳಿದಾಗ ನೆರೆಮನೆಯ ಹಿರಿಯರು ತೋಡಿನ ಕಲ್ಲುಗಳನ್ನು ತೋರಿಸಿ, “ನೀರು ಹೋದ ಮೇಲೆ ಕಟ್ಟ ಕಟ್ಟಿ ಎಂತ ಪ್ರಯೋಜನ ಉಂಟು ಮಾಸ್ಟ್ರೇ?” ಎಂದರು.

ಇದು ನೀರಿನ ಮಾತಾಯಿತು. ಮೇವಿನದು ಇನ್ನೊಂದು ಕಥೆ. ನನ್ನ ತಂದೆಯವರ ಕಾಲದಲ್ಲಿ ಮನೆಯ ಕೆಳಗೆ ಗದ್ದೆಗಳಿದ್ದವು. ಅಂಗಳದಾಚೆ ಬೈಹುಲ್ಲಿನ ರಾಶಿ ಇರುತ್ತಿತ್ತು. ಆಮೇಲೆ ಗದ್ದೆಗಳು ತೋಟವಾದವು. ಅಡಿಕೆ ಹಣ ತಂದಿತು, ಬೈಹುಲ್ಲು ತರಲಿಲ್ಲ. ಅದೀಗ ಘಟ್ಟದ ಮೇಲಿಂದ ಲಾರಿಯಲ್ಲಿ ಇಳಿದು ಬರಬೇಕು. 2023ರಲ್ಲಿ ಸರಕಾರವು ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತವೆಂದು ಘೋಷಿಸಿತು. ಬೆಳೆಯುವವರಿಗೇ ಹುಲ್ಲಿಲ್ಲದಾಗ ನಮಗೆ ಮಾರುವವರು ಯಾರು? ಬಯಲುಸೀಮೆಯ ಬರ ನನ್ನ ಹಟ್ಟಿಗೆ ತಲುಪಿದ್ದು ಬಾರದ ಲಾರಿಯ ರೂಪದಲ್ಲಿ.

2024ರ ಏಪ್ರಿಲಿನಲ್ಲಿ ಕೆರೆಯ ತಳ ಕಾಣತೊಡಗಿತು. ಉಳಿದ ನೀರು ತೋಟಕ್ಕೊ, ದನಕ್ಕೊ? ಹಾಲು ಕೊಡುವ ಮಿಶ್ರತಳಿಯ ಹಸು ಸೆಕೆಗಾಲದಲ್ಲಿ ದಿನಕ್ಕೆ 60 ಲೀಟರಿಗೂ ಹೆಚ್ಚು ನೀರು ಕುಡಿಯುವುದುಂಟು. ಅಡಿಕೆ ಮರ ಸತ್ತರೆ ಹೊಸ ಸಸಿ ಫಲಕ್ಕೆ ಬರಲು ಐದಾರು ವರ್ಷ ಬೇಕು. ಆದರೆ ಮರ ಕೂಗುವುದಿಲ್ಲ, ದನ ಕೂಗುತ್ತದೆ. ತಿಂಗಳ ಕೊನೆಗೆ ಒಂದು ಹಸುವನ್ನು ಮಾರಿದೆ. ಅಷ್ಟರಲ್ಲಿ ಅದರ ಪಕ್ಕೆಲುಬು ಎಣಿಸಬಹುದಾಗಿತ್ತು. ನವೆಂಬರಿನಲ್ಲಿ ಸಿಗಬಹುದಾಗಿದ್ದ ಬೆಲೆಯ ಅರ್ಧವೂ ಸಿಗಲಿಲ್ಲ. ಅದು ಗಾಡಿ ಹತ್ತುವಾಗ ನನ್ನ ಮನೆಯಾಕೆ ಹೊರಗೆ ಬರಲಿಲ್ಲ. ಅದಕ್ಕೆಂದು ಇಟ್ಟಿದ್ದ ಅಕ್ಕಚ್ಚಿನ ಬಾಲ್ದಿ ಆ ಸಂಜೆ ಹಾಗೆಯೇ ಉಳಿಯಿತು.

ಗಿಡ್ಡ ಮಾತ್ರ ಗುಡ್ಡದ ಒಣಹುಲ್ಲು, ಸೊಪ್ಪುಸದೆ ತಿಂದು ಬೇಸಗೆಯನ್ನು ದಾಟಿತು. ಅದು ಕೊಡುವ ಹಾಲು ಕಡಮೆ, ಬೇಡುವುದೂ ಕಡಮೆ.

ಬರವನ್ನು ಎದುರಿಸುವ ಕೆಲಸವನ್ನು ಏಪ್ರಿಲಿನಲ್ಲಿ ಆರಂಭಿಸಲಾಗದೆಂದು ನನಗೆ ಆಗ ಅರಿವಾಯಿತು. ಈಗ ನವೆಂಬರಿನಲ್ಲೇ ಲೆಕ್ಕ ಹಾಕುತ್ತೇನೆ. ಒಂದು ಹಸುವಿಗೆ ದಿನಕ್ಕೆ 6 ಕಿಲೋ ಬೈಹುಲ್ಲೆಂದರೆ ಫೆಬ್ರವರಿಯಿಂದ ಮೇವರೆಗಿನ 120 ದಿನಗಳಿಗೆ 720 ಕಿಲೋ. ಅಷ್ಟನ್ನು ಕೂಡಿಡಲಾಗದಿದ್ದರೆ, ದನದ ಮೈಯಲ್ಲಿ ಕಸುವಿರುವಾಗಲೇ, ಸಾಕಬಲ್ಲವರಿಗೆ ಕೊಡುವುದು ಲೇಸು. 100 ಕಿಲೋ ಹುಲ್ಲಿಗೆ 4 ಕಿಲೋ ಯೂರಿಯಾವನ್ನು ನೀರಿನಲ್ಲಿ ಕರಗಿಸಿ ಚಿಮುಕಿಸಿ, ಗಾಳಿಯಾಡದಂತೆ 21 ದಿನ ಮುಚ್ಚಿಟ್ಟರೆ ಹುಲ್ಲಿನ ಸತ್ತ್ವ ಹೆಚ್ಚುತ್ತದೆ. ತಿನ್ನಿಸುವ ಮೊದಲು ಅದನ್ನು ಗಾಳಿಗೆ ಹರವಬೇಕು; ಎಳೆಗರುಗಳಿಗೆ ಕೊಡಲಾಗದು. ಬೂಷ್ಟು ಹಿಡಿಯದ ಅಡಿಕೆ ಹಾಳೆಯನ್ನು ಸಣ್ಣಗೆ ಸೀಳಿ ಹಾಕಿದರೆ, ಬಾಳೆದಿಂಡನ್ನು ಕೊಚ್ಚಿ ಕೊಟ್ಟರೆ ದನ ತಿನ್ನುತ್ತದೆ. ಹಟ್ಟಿ ತೊಳೆದ ನೀರು ಹರಿಯುವಲ್ಲಿ ನೇಪಿಯರ್ ಹುಲ್ಲು ನೆಟ್ಟಿದ್ದೇನೆ. ತೋಟಕ್ಕೆ ಗೊಬ್ಬರ ಹಟ್ಟಿಯಿಂದಲೇ ಬರಬೇಕು; ಆದಕಾರಣ ತೋಟದ ಮೂಲೆಯೊಂದನ್ನು ಹಟ್ಟಿಗೆ ಬಿಟ್ಟುಕೊಡುವುದು ನ್ಯಾಯವೇ ಸರಿ.

ಮೇ 24ರ ಸುಮಾರಿಗೆ ಬರುವ ಪತ್ತನಾಜೆಯ ದಿನ ತುಳುನಾಡಿನವರೆಲ್ಲ ಆಕಾಶ ನೋಡುತ್ತಾರೆ. ನಾನೂ ನೋಡುತ್ತೇನೆ. ಆದರೆ ಈಗ ದೀಪಾವಳಿಯ ಗೋಪೂಜೆಯ ದಿನ, ದನದ ಕೊರಳಿಗೆ ಹೂಮಾಲೆ ಹಾಕಿದ ಕೂಡಲೆ ತೋಡಿಗೆ ಇಳಿದು, ನೀರು ಎಷ್ಟಿದೆಯೆಂದು ನೋಡಿ ಬರುತ್ತೇನೆ. ಕಟ್ಟದ ದಿನ ಗೊತ್ತಾಗುವ ತನಕ ಯಾವ ಉಪನ್ಯಾಸಕ್ಕೂ ಒಪ್ಪಿಕೊಳ್ಳುವುದಿಲ್ಲ.

ಹಟ್ಟಿಯಲ್ಲಿ ಈಗ ಎರಡು ದನಗಳಿವೆ. ಮೂರನೆಯ ಗೂಟವನ್ನು ಕಿತ್ತುಬಿಡೋಣವೆಂದು ನಾನು ಹೇಳುತ್ತಲೇ ಇದ್ದೇನೆ. ಮನೆಯಾಕೆ ಇನ್ನೂ ಒಪ್ಪಿಲ್ಲ.