ಕಂಪ್ಯೂಟರ್ ಕೊಟ್ಟೆವು, ಕರೆಂಟ್ ಮರೆತೆವು
(ನಿಧಿ ಸಂಗ್ರಹ ಸಂಜೆಯಲ್ಲಿ ಮಾಡಿದ ಭಾಷಣ)



ನಾನು ಭಾಷಣಕಾರನಲ್ಲ, ಸಾಫ್ಟ್‌ವೇರ್ ಬರೆಯುವವನು. ಊಟಕ್ಕೆ ಮುಂಚೆ ಐದೇ ನಿಮಿಷ ತೆಗೆದುಕೊಳ್ಳುತ್ತೇನೆ.

ಹಲವು ವರ್ಷಗಳ ಹಿಂದೆ ನಾವು ನಾಲ್ವರು ಗೆಳೆಯರು ಹತ್ತು ಹಳೆಯ ಡೆಸ್ಕ್‌ಟಾಪ್ ಕಂಪ್ಯೂಟರುಗಳನ್ನು ಕೀನ್ಯಾದ ಒಂದು ಹಳ್ಳಿ ಶಾಲೆಗೆ ಕಳುಹಿಸಿದೆವು. ಫೋಟೋ ಬಂತು, ಹಿಗ್ಗಿದೆವು. ಮರುವರ್ಷ ವಿಚಾರಿಸಿದರೆ ಅವೆಲ್ಲ ಬಟ್ಟೆ ಹೊದ್ದು ಕುಳಿತಿದ್ದವು! ಶಾಲೆಗೆ ಕರೆಂಟಿಲ್ಲ, ಜನರೇಟರಿಗೆ ಡೀಸೆಲ್ ಹಾಕಲು ದುಡ್ಡಿಲ್ಲ. ತಪ್ಪು ಶಾಲೆಯದಲ್ಲ, ಕೇಳದೆ ಕೊಟ್ಟ ನಮ್ಮದು.

2009ರ ತನಕ ಕೀನ್ಯಾಕ್ಕೆ ಸಮುದ್ರದಡಿಯ ಫೈಬರ್ ಕೇಬಲ್ ಇರಲಿಲ್ಲ. 36,000 ಕಿ.ಮೀ. ಎತ್ತರದ ಉಪಗ್ರಹವೇ ಗತಿ, ದುಬಾರಿ, ನಿಧಾನ. ಆ ವರ್ಷ ಜುಲೈನಲ್ಲಿ ಸೀಕಾಮ್ ಕೇಬಲ್ ಬಂತು. ಅದರ ಒಂದು ತುದಿ ನಮ್ಮ ಮುಂಬೈಯಲ್ಲೇ ಇದೆ. 2023ರಲ್ಲಿ ಸ್ಟಾರ್‌ಲಿಂಕ್ ಕೂಡ ಬಂತು. ಅದರ ಉಪಗ್ರಹಗಳು ಕೆಲವೇ ನೂರು ಕಿ.ಮೀ. ಎತ್ತರದಲ್ಲಿವೆ, ಹಾಗಾಗಿ ವೇಗ ಚೆನ್ನಾಗಿದೆ. ಆದರೆ ಆ ಡಿಶ್ಶಿಗೂ ಕರೆಂಟ್ ಬೇಕಲ್ಲ?

ಸಣ್ಣ ಲೆಕ್ಕ ಹಾಕೋಣ. ಡಿಶ್ಶಿಗೆ 50 ವ್ಯಾಟ್, ನಾಲ್ಕು ಲ್ಯಾಪ್‌ಟಾಪಿಗೆ 120. ಒಟ್ಟು 170 ವ್ಯಾಟ್; ದಿನಕ್ಕೆ 6 ಗಂಟೆ ನಡೆದರೆ ಸುಮಾರು ಒಂದು ಯೂನಿಟ್. ದಿನಕ್ಕೆ 5 ಗಂಟೆ ಒಳ್ಳೆಯ ಬಿಸಿಲಿದ್ದರೆ, ನಷ್ಟವೆಲ್ಲ ಕಳೆದು 300 ವ್ಯಾಟಿನ ಸೋಲಾರ್ ಫಲಕ ಸಾಕು. ಫಲಕ ಇಪ್ಪತ್ತು ವರ್ಷ ಬಾಳುತ್ತದೆ. ಆದರೆ ಸಾಮಾನ್ಯ ಲೆಡ್ ಆಸಿಡ್ ಬ್ಯಾಟರಿ ಆ ಸೆಕೆಯಲ್ಲಿ ಮೂರು ನಾಲ್ಕು ವರ್ಷಕ್ಕೇ ಕೈಕೊಡುತ್ತದೆ. ಉದ್ಘಾಟನೆಗೆ ಹೋದವರು ಆಗ ಯಾರೂ ಇರುವುದಿಲ್ಲ. ಇದನ್ನೇ ನಮ್ಮ ಹಿರಿಯರು ಆರಂಭಶೂರತ್ವ ಎಂದರು.

ದಾರಿಯನ್ನು ಕೀನ್ಯಾದವರೇ ತೋರಿಸಿದ್ದಾರೆ. 2007ರಲ್ಲಿ ಅಲ್ಲಿ ಮೊಬೈಲಿನಲ್ಲೇ ಹಣ ಕಳಿಸುವ ಎಂ-ಪೆಸಾ ಶುರುವಾಯಿತು. ಅದನ್ನೇ ಬಳಸಿ 2012ರಿಂದ ಎಂ-ಕೋಪಾ ಸಂಸ್ಥೆ ಮನೆಮನೆಗೆ ಸೋಲಾರ್ ದೀಪ ಮಾರಿತು. ಮೊದಲು ಸ್ವಲ್ಪ ಮುಂಗಡ, ಆಮೇಲೆ ಸೀಮೆಎಣ್ಣೆಗೆ ಹೋಗುತ್ತಿದ್ದ ಚಿಲ್ಲರೆಯಲ್ಲೇ ದಿನದ ಕಂತು. ಬಡವರು ಪುಕ್ಕಟೆ ಕೇಳಲಿಲ್ಲ, ಕೈಗೆಟುಕುವ ಕಂತು ಕೇಳಿದರು.

ಆದ್ದರಿಂದ ನನ್ನ ವಿನಂತಿ ಇಷ್ಟೇ. ಈ ಸಲ ನಾವು ನೆರವಾಗುವ ಶಾಲೆಗೆ ಏನು ಬೇಕೆಂದು ಮೊದಲು ಕೇಳೋಣ. ನೀವು ಕೊಡುವ ಪ್ರತಿ 100 ಡಾಲರಿನಲ್ಲಿ 25ನ್ನು ಬ್ಯಾಟರಿಗೆಂದು ತೆಗೆದಿಡೋಣ. ಊರವರು ಶಾಲೆಯಲ್ಲಿ ಫೋನ್ ಚಾರ್ಜ್ ಮಾಡಿಕೊಂಡು ಕೊಡುವ ಪುಡಿಗಾಸೂ ಅದೇ ನಿಧಿಗೆ ಸೇರಲಿ. ಹನಿ ಹನಿ ಕೂಡಿದರೆ ಹಳ್ಳ.

ನಾಲ್ಕನೆಯ ವರ್ಷವೂ ಆ ಕೋಣೆಯಲ್ಲಿ ದೀಪ ಉರಿಯುತ್ತಿದ್ದರೆ, ನಾವು ಕೊಟ್ಟದ್ದು ಸಾರ್ಥಕ.